ಮಂಗಳೂರು–ದುಬೈ: ಕಾಲು ಗಂಟೆಯ ಸುತ್ತು

ಬಜ್ಪೆಯ ವಿಮಾನ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು. ಅಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಿದ್ದರು. ಆದರೆ ಅಲ್ಲಿಂದ ದುಬೈಗೆ ನೇರ ವಿಮಾನ ಹಾರಿದ್ದು 2006ರ ಅಕ್ಟೋಬರ್ 3ರಂದು, ಸುಮಾರು 55 ವರ್ಷಗಳ ನಂತರ.

ಅಷ್ಟರ ತನಕ ಗಲ್ಫಿಗೆ ಹೊರಟ ನಮ್ಮ ಬ್ಯಾರಿ ಹುಡುಗರಲ್ಲಿ ಹೆಚ್ಚಿನವರಿಗೆ ಬೊಂಬಾಯಿಯೇ ಬಾಗಿಲು. ಒಂದು ಹಗಲು, ಒಂದು ರಾತ್ರಿ ಬಸ್ಸು. ಮತ್ತೆ ಲಾಡ್ಜಿನಲ್ಲಿ ಕಾಯುವುದು. ಆಮೇಲೆ ವಿಮಾನ.

ನಾನು ನಕ್ಷೆಯಲ್ಲಿ ಅಳೆದು ನೋಡಿದೆ. ಮಂಗಳೂರಿನಿಂದ ದುಬೈಗೆ ನೇರ ದೂರ ಸುಮಾರು 2,460 ಕಿ.ಮೀ. ಮುಂಬೈ ಮೂಲಕ ಹಾರಿದರೆ ಸುಮಾರು 2,640. ಹೆಚ್ಚಾಗುವುದು 200 ಕಿ.ಮೀ.ಗಿಂತಲೂ ಕಡಿಮೆ, ವಿಮಾನಕ್ಕೆ ಕಾಲು ಗಂಟೆ. ಆ ಕಾಲು ಗಂಟೆಯ ಸುತ್ತಿಗೆ ನಮ್ಮವರು ದಿನಗಟ್ಟಲೆ ತೆತ್ತರು.

ಅದರ ಭಾರ ತಿಳಿಯುತ್ತಿದ್ದದ್ದು ಮನೆಯಲ್ಲಿ ಮರಣವಾದಾಗ. ಮಯ್ಯತ್ತನ್ನು ತಡಮಾಡದೆ ದಫನ ಮಾಡುವುದು ನಮ್ಮ ಕ್ರಮ. ಬೊಂಬಾಯಿ ದಾರಿಯಲ್ಲಿ ಬಂದ ಮಗನಿಗೆ ಕಾಣಲು ಸಿಗುತ್ತಿದ್ದದ್ದು ಉಮ್ಮನ ಖಬರ್ ಮಾತ್ರ. ಇಂದು ಹಾರಾಟ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ಬೆಳಗ್ಗೆ ಸುದ್ದಿ ಕೇಳಿದವನು ರಾತ್ರಿಯೊಳಗೆ ಜನಾಝಕ್ಕೆ ಹೆಗಲು ಕೊಡಬಹುದು.

ನಿಮ್ಮ ಮನೆಯ ಹಿರಿಯರಲ್ಲಿ ಬೊಂಬಾಯಿ ದಾರಿಯ ಆ ದಿನಗಳನ್ನು ಕೇಳಿ ಬರೆದಿಡಿ. ಅದು ಯಾವ ಟಿಕೆಟಿನಲ್ಲೂ ಉಳಿದಿಲ್ಲ.