ಕೊಯ್ದ ಮರ, ಕಟ್ಟಿದ ಅಟ್ಟಿ: ಕರಾವಳಿಯಿಂದ ಕುವೈತಿಗೆ ಬಂದ ತೇಗದ ಕಥೆ

(ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೃತ್ತಿಯಿಂದ ವೈದ್ಯರಾದ ನಾವು ಮರದ ವಿಷಯವಾಗಿ ಮಾತನಾಡಲು ನಿಂತಿರುವುದು ತಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಇದಕ್ಕೆ ಕಾರಣವಾದದ್ದು ನಮ್ಮ ಮನೆಯ ದೇವರ ಮಂಟಪ. ಕೆಲವು ವರ್ಷಗಳ ಹಿಂದೆ ಊರಿನಲ್ಲಿ ತೇಗದ ಮಂಟಪವೊಂದನ್ನು ಮಾಡಿಸಿ ಮಿರ್ಕಾಬಿನ ನಮ್ಮ ಮನೆಗೆ ತರಿಸಿದೆವು. ಕೆತ್ತನೆ ಅಚ್ಚುಕಟ್ಟಾಗಿತ್ತು, ಹೊಳಪು ಕಣ್ಣು ತುಂಬುವಂತಿತ್ತು. ಮೊದಲ ಬೇಸಗೆಯ ಒಂದು ರಾತ್ರಿ ಬಂದೂಕಿನಂಥ ಸದ್ದಿಗೆ ಎಚ್ಚರವಾಯಿತು. ದೀಪ ಹಾಕಿ ನೋಡಿದರೆ ಮಂಟಪದ ಹಿಂಬದಿಯ ಹಲಗೆ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ನಮ್ಮ ಮನೆಯವರು ಇದನ್ನು ಅಪಶಕುನವೆಂದು ಬಗೆದರು. ನಾವು ಮಾಡಿಕೊಟ್ಟವರನ್ನು ಬೈದೆವು.

ಆ ವಾರವೇ ನಮ್ಮಲ್ಲಿಗೆ ಚಿಕಿತ್ಸೆಗೆ ಬಂದವರು ಗಂಗೊಳ್ಳಿಯ ಕಡೆಯ ಹಿರಿಯರೊಬ್ಬರು. ಶುವೈಖಿನ ಮರಗೆಲಸದ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ದುಡಿದವರು. ಎಡಗೈಯಲ್ಲಿ ಎರಡು ಬೆರಳು ಇಲ್ಲ. ಮಾತಿನ ನಡುವೆ ಮಂಟಪದ ಸಂಗತಿ ಹೇಳಿದಾಗ ಅವರು ನಕ್ಕು, "ಡಾಕ್ಟ್ರೇ, ಮರ ಇನ್ನೂ ಊರಂಗೇ ಇತ್ತ್; ಮಂಟಪ ಮಾತ್ರ ಇಲ್ಲಿಗೆ ಬಂದದ್ದ್" ಎಂದರು. ಆ ಒಂದು ಮಾತಿನಲ್ಲಿ ನಾವು ಪುಸ್ತಕಗಳಿಂದ ಕಲಿತದ್ದಕ್ಕಿಂತ ಹೆಚ್ಚಿನ ತಿಳಿವಿತ್ತು. ಅದನ್ನು ಬಿಡಿಸಿ ಹೇಳುವುದೇ ಈ ಉಪನ್ಯಾಸದ ಉದ್ದೇಶ.

ನಾವಿಂದು ಸೇರಿರುವ ಮಿರ್ಕಾಬ್ ಹಳೆಯ ಕುವೈತ್ ಪಟ್ಟಣದ ಒಂದು ಕೇರಿ. 1920ರಲ್ಲಿ ಕಟ್ಟಿದ ಮಣ್ಣಿನ ಕೋಟೆಗೋಡೆಯ ಒಳಗಿತ್ತು. ಆ ಗೋಡೆಯನ್ನು 1957ರಲ್ಲಿ ಕೆಡವಲಾಯಿತು. ಬಾಗಿಲುಗಳು ಮಾತ್ರ ಉಳಿದವು. ಈ ಗೋಡೆಯ ಒಳಗಾಗಲಿ ಹೊರಗಾಗಲಿ ತೊಲೆಗೆ ಬರುವ ಮರವೊಂದು ಬೆಳೆಯುತ್ತಿರಲಿಲ್ಲ. ಆದರೂ ಈ ಊರು ಬದುಕಿದ್ದು ಮರದಿಂದಲೇ. ಮುತ್ತು ತೆಗೆಯಲು ದೋಣಿ ಬೇಕು, ವ್ಯಾಪಾರಕ್ಕೆ ಹಡಗು ಬೇಕು, ಮನೆಗೆ ಸೂರು ಬೇಕು. ಸೂರಿನ ಗಳಗಳು ಪೂರ್ವ ಆಫ್ರಿಕಾದ ಕಾಂಡ್ಲಾ ಕಾಡುಗಳಿಂದ ಬಂದವು. ಇವನ್ನು ಇಲ್ಲಿಯವರು ಚಂದಲ್ ಎನ್ನುತ್ತಾರೆ. ಹಳೆಯ ಮನೆಗಳ ಕೋಣೆಗಳು ಇಕ್ಕಟ್ಟಾಗಿರಲು ಇದೇ ಕಾರಣ. ಗಳದ ಉದ್ದವೇ ಕೋಣೆಯ ಅಗಲವನ್ನು ನಿರ್ಣಯಿಸುತ್ತಿತ್ತು. 1938–39ರಲ್ಲಿ ಆಸ್ಟ್ರೇಲಿಯದ ನಾವಿಕ ಅಲನ್ ವಿಲಿಯರ್ಸ್ ಕುವೈತಿನ ಒಂದು ಹಡಗಿನಲ್ಲಿ ಪಯಣಿಸಿ, ಈ ಗಳಗಳನ್ನು ರುಫಿಜಿ ನದೀಮುಖದಿಂದ ತರುವುದನ್ನು ಕಣ್ಣಾರೆ ಕಂಡು ಬರೆದಿದ್ದಾನೆ.

ಹಡಗಿನ ಹಲಗೆ ಮಾತ್ರ ನಮ್ಮ ಕಡೆಯದು. ಇದಕ್ಕೆ ಭಾಷೆಯೇ ಸಾಕ್ಷಿ. ಕನ್ನಡದಲ್ಲಿ ಈ ಮರಕ್ಕೆ ತೇಗ, ಸಾಗುವಾನಿ ಎಂಬ ಎರಡು ಹೆಸರುಗಳುಂಟು. ತೇಗದ ದಾಯಾದಿಯಾದ ಮಲಯಾಳದ ತೇಕ್ಕು ಪೋರ್ಚುಗೀಸರ ಬಾಯಲ್ಲಿ ತೇಕ ಆಗಿ ಇಂಗ್ಲಿಷಿನ ಟೀಕ್ ಆಯಿತು. ಸಾಗುವಾನಿಯ ಬಳಗದ ಪದ ಪಾರಸಿಯ ಮೂಲಕ ಅರಬ್ಬಿಗೆ ಬಂದು ಸಾಜ್ ಆಯಿತು. ಹತ್ತನೆಯ ಶತಮಾನದ ಭೂಗೋಳಕಾರ ಅಲ್-ಇಸ್ತಖ್ರಿ ಇರಾನಿನ ದಡದ ಸಿರಾಫ್ ಪಟ್ಟಣದ ಮನೆಗಳು ಸಾಜ್ ಮರದಿಂದಲೂ ಆಫ್ರಿಕಾದ ಮರದಿಂದಲೂ ಕಟ್ಟಲ್ಪಟ್ಟಿದ್ದವೆಂದು ಬರೆದಿದ್ದಾನೆ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಮಂಗಳೂರನ್ನು ಮಂಜರೂರ್ ಎಂದು ಕರೆದು, ಪಾರಸಿ ಮತ್ತು ಯೆಮನ್ ದೇಶಗಳ ವರ್ತಕರು ಅಲ್ಲಿ ಇಳಿಯುತ್ತಾರೆಂದು ಹೇಳಿದ್ದಾನೆ.

ಕುವೈತಿನ ಹಡಗುಗಳು ಶರತ್ಕಾಲದಲ್ಲಿ ಬಸ್ರಾದ ಕಡೆಯ ಖರ್ಜೂರ ತುಂಬಿಕೊಂಡು ಹೊರಡುತ್ತಿದ್ದವು. ಭಾರತದ ದಾರಿ ಹಿಡಿದವು ಕರಾಚಿ, ಮುಂಬಯಿಗಳನ್ನು ದಾಟಿ ನಮ್ಮ ದಡಕ್ಕೆ ಇಳಿಯುತ್ತಿದ್ದವು. ಮರಕ್ಕೆ ಮುಖ್ಯವಾದ ಬಂದರು ಕಲ್ಲಿಕೋಟೆ. ಅದರ ಪಕ್ಕದ ಬೇಪೂರಿನಲ್ಲಿ ಉರು ಕಟ್ಟುವವರಿದ್ದರು. ಮಂಗಳೂರು ಆ ದಾರಿಯ ಬಂದರು. ಹಿಂದಿರುಗುವಾಗ ಹಲಗೆ, ತೊಲೆ, ತೆಂಗಿನ ನಾರಿನ ಹಗ್ಗ, ಮೆಣಸು. ವ್ಯವಹಾರಕ್ಕೆ ನಾಣ್ಯದ ತೊಡಕೂ ಇರಲಿಲ್ಲ: 1961ರಲ್ಲಿ ದಿನಾರು ಬರುವ ತನಕ ಇಲ್ಲಿ ನಡೆಯುತ್ತಿದ್ದುದು ರೂಪಾಯಿಯೇ. ಉತ್ತರ ಕನ್ನಡದಲ್ಲಿ ಕಾಳಿ ನದಿಯ ಮೇಲೆ ತೇಲಿ ಬಂದ ತೇಗಕ್ಕೆ ಮುಂಬಯಿಯ ಹಡಗುಕಟ್ಟೆಯೇ ಗಿರಾಕಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಮಲಬಾರ್ ಕಾಡುಗಳು ಎಷ್ಟು ಬರಿದಾಗಿದ್ದವೆಂದರೆ, 1840ರ ದಶಕದಲ್ಲಿ ಕಲೆಕ್ಟರ್ ಕೊನೊಲಿ ನೀಲಂಬೂರಿನಲ್ಲಿ ತೇಗದ ತೋಟವನ್ನೇ ನೆಡಿಸಬೇಕಾಯಿತು.

ಇತಿಹಾಸದ ಪುಸ್ತಕಗಳಲ್ಲಿ ನಖೋದನ ಹೆಸರಿದೆ, ವರ್ತಕನ ಹೆಸರಿದೆ, ಕಲೆಕ್ಟರನ ಹೆಸರಿದೆ. ಕುವೈತಿನ ಹಡಗು ಬಡಗಿಗೆ ಅಲ್-ಖಲ್ಲಾಫ್ ಎಂಬ ಗೌರವದ ಹೆಸರಿದೆ. ಅವನು ನಕ್ಷೆಯಿಲ್ಲದೆ ಕಣ್ಣಳತೆಯಿಂದಲೇ ಮೊದಲು ಹಲಗೆಯ ಹೊಟ್ಟೆ ಕಟ್ಟಿ, ಆಮೇಲೆ ಒಳಗೆ ಪಕ್ಕೆಲುಬು ಕೂರಿಸುತ್ತಿದ್ದ. ಆದರೆ ದಿಮ್ಮಿಯನ್ನು ಹಲಗೆ ಮಾಡಿದವನು ಯಾರು? ಆ ಹಲಗೆಯನ್ನು ಸೊಟ್ಟಗಾಗದಂತೆ ಜೋಡಿಸಿಟ್ಟವನು ಯಾರು? ಅವನಿಗೆ ಹೆಸರಿಲ್ಲ.

ನಮ್ಮ ಬಾಲ್ಯದಲ್ಲಿ ಅವನನ್ನು ಕಂಡಿದ್ದೇವೆ. ಎತ್ತರದ ಕತ್ತರಿಗಾಲುಗಳ ಮೇಲೆ ದಿಮ್ಮಿ, ಮಸಿ ಹಚ್ಚಿದ ದಾರದಿಂದ ಹೊಡೆದ ಗೆರೆ, ದಿಮ್ಮಿಯ ಮೇಲೊಬ್ಬ, ಕೆಳಗೊಬ್ಬ, ನಡುವೆ ಉದ್ದನೆಯ ಗರಗಸ. ಮೇಲಿನವನು ಗೆರೆ ಕಾಯುತ್ತಾನೆ. ಕೆಳಗಿನವನು ಮುಖದ ತುಂಬ ಹೊಟ್ಟು ತುಂಬಿಕೊಂಡು ಎಳೆಯುತ್ತಾನೆ. ದಿನವೆಲ್ಲ ದುಡಿದರೂ ಕೈಗೆ ಬರುವ ಹಲಗೆಗಳು ಬೆರಳೆಣಿಕೆಯವು.

ಈ ವಿದ್ಯೆಯ ಸಣ್ಣ ತುಣುಕೊಂದನ್ನು ನಾವು ಕಲಿತದ್ದು ಊರಿನಲ್ಲಲ್ಲ, ಅಮೆರಿಕದ ಮಿಶಿಗನ್‌ನಲ್ಲಿ ರೆಸಿಡೆನ್ಸಿ ಮಾಡುತ್ತಿದ್ದಾಗ. ರಜೆಯ ದಿನ ನಮ್ಮನ್ನು ಊಟಕ್ಕೆ ಕರೆಯುತ್ತಿದ್ದ ನಿವೃತ್ತ ಯಂತ್ರಕರ್ಮಿಯೊಬ್ಬರ ಹೊಲದಲ್ಲಿ, ಎಳೆದೊಯ್ಯಬಹುದಾದ ಪಟ್ಟಿಗರಗಸದ ಗಿರಣಿಯಿತ್ತು. ಈ ಬಗೆಯ ಯಂತ್ರಗಳನ್ನು ಜನಪ್ರಿಯಗೊಳಿಸಿದ ವುಡ್-ಮೈಜರ್ ಕಂಪನಿ ಆರಂಭವಾದದ್ದು 1982ರಲ್ಲಿ, ಇಂಡಿಯಾನಾಪೋಲಿಸ್‌ನಲ್ಲಿ. ದೊಡ್ಡ ಗಿರಣಿಯಲ್ಲಿ ಮರ ಗರಗಸದ ಬಳಿಗೆ ಹೋಗುತ್ತದೆ. ಇಲ್ಲಿ ಮರ ಕದಲದು, ಗರಗಸವೇ ಹಳಿಯ ಮೇಲೆ ಮರದುದ್ದಕ್ಕೂ ಸಾಗುತ್ತದೆ. ನೋಡಿದೊಡನೆ ನಮಗೆ ಊರಿನ ಕತ್ತರಿಗಾಲು ನೆನಪಾಯಿತು.

ಮೊದಲ ದಿನ ಅವರು ನಮಗೆ ಗರಗಸ ಮುಟ್ಟಗೊಡಲಿಲ್ಲ. ರಸಮಟ್ಟ ಕೊಟ್ಟು, ಹಳಿ ಸಮವಾಗಿದೆಯೇ ನೋಡು ಎಂದರು. ಹಳಿ ತಗ್ಗಿದರೆ ಹಲಗೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು. ಆಮೇಲೆ ದಿಮ್ಮಿಯನ್ನು ಕೊಕ್ಕೆಗಳಲ್ಲಿ ಬಿಗಿಯುವುದು. ಆ ಕೊಕ್ಕೆ ಗರಗಸದ ದಾರಿಗಿಂತ ಕೆಳಗಿದೆಯೇ ಎಂದು ಪ್ರತಿ ಸಲವೂ ಬಗ್ಗಿ ನೋಡುವುದು. ಒಂದು ಪಕ್ಕ ಕೊಯ್ದು, ದಿಮ್ಮಿ ಹೊರಳಿಸಿ, ನಾಲ್ಕು ಮಗ್ಗುಲು ಚೌಕ ಮಾಡಿದ ಮೇಲೆಯೇ ಹಲಗೆ ತೆಗೆಯುವುದು. ಅಲಗಿನ ಮೇಲೆ ನೀರು ತೊಟ್ಟಿಕ್ಕುತ್ತಿರಬೇಕು. ಕೊಯ್ತ ಅಲೆಯಲೆಯಾಗಿ ಬಂದರೆ ಅಲಗು ಮೊಂಡಾಗಿದೆಯೆಂದು ಅರ್ಥ. ಆಗ ಬಲ ಹಾಕಿ ತಳ್ಳದೆ ಅಲಗು ಬದಲಿಸಬೇಕು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನಮ್ಮ ಗುರುಗಳು ಹೇಳುತ್ತಿದ್ದುದೂ ಇದೇ.

ಕೊಯ್ತ ಮುಗಿದಾಗ ಕೆಲಸ ಮುಗಿಯಿತೆಂದು ನಾವು ಕೈ ತೊಳೆಯಲು ಹೊರಟೆವು. ಅವರು ನಕ್ಕು, ಅರ್ಧವಾಯಿತು ಎಂದರು. ಉಳಿದ ಅರ್ಧ ಅಟ್ಟಿ ಕಟ್ಟುವುದು. ನೆಲದಿಂದ ಒಂದಡಿಗೂ ಮೇಲೆ ಸಮಮಟ್ಟದ ಅಡಿಗಟ್ಟು. ಅದರ ಮೇಲೆ ಒಂದು ಸಾಲು ಹಲಗೆ, ಹಲಗೆ ಹಲಗೆಗಳ ನಡುವೆ ಗಾಳಿಯಾಡಲು ಎಡೆ. ಅದರ ಮೇಲೆ ಅಡ್ಡಲಾಗಿ ಒಂದಿಂಚು ದಪ್ಪದ ಒಣ ರೀಪಿನ ತುಂಡುಗಳು, ಒಂದೂವರೆ ಎರಡು ಅಡಿಗೊಂದರಂತೆ. ಮತ್ತೆ ಹಲಗೆ, ಮತ್ತೆ ರೀಪು. ಇಲ್ಲಿರುವ ಗುಟ್ಟೆಂದರೆ ಕೆಳಗಿನ ರೀಪಿನ ನೇರ ಮೇಲೆಯೇ ಮೇಲಿನ ರೀಪು ಕೂರಬೇಕು, ಬೆನ್ನುಹುರಿಯ ಎಲುಬುಗಳಂತೆ. ಒಂದು ತಪ್ಪಿ ಕೂತರೂ ಮೇಲಿನ ಭಾರವೆಲ್ಲ ಹಲಗೆಯ ನಡುವೆ ಬಿದ್ದು, ಅದು ಬಾಗಿದ ಆಕಾರದಲ್ಲೇ ಒಣಗುತ್ತದೆ, ಮತ್ತೆ ನೆಟ್ಟಗಾಗದು. ಹಲಗೆಗಳ ತುದಿಗೆ ಅಂದೇ ಬಣ್ಣ ಬಳಿಯಬೇಕು, ಏಕೆಂದರೆ ತೇವ ಬೇಗ ಓಡುವುದು ತುದಿಯಿಂದ. ಸೀಳು ಹುಟ್ಟುವುದೂ ಅಲ್ಲಿಯೇ. ಮೇಲೆ ತಗಡಿನ ಮಾಡು, ಅದರ ಮೇಲೆ ಭಾರ, ಪಕ್ಕಗಳು ತೆರೆದಿರಲಿ. ಆಮೇಲೆ ಕಾಯಬೇಕು. ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳಬರ ಲೆಕ್ಕ.

ಕಾಯುವುದೇಕೆ? ಹಸಿ ಮರದ ತೇವಾಂಶ ಸುಮಾರು ಶೇಕಡಾ 30ಕ್ಕೆ ಇಳಿಯುವ ತನಕ ಅದು ಕುಗ್ಗುವುದಿಲ್ಲ. ಅಲ್ಲಿಂದ ಕೆಳಗೆ ಕುಗ್ಗುತ್ತದೆ, ಅದೂ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ: ವಾರ್ಷಿಕ ಉಂಗುರಗಳ ಗುಂಟ ಕುಗ್ಗುವುದು, ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡರಷ್ಟು. ತೇಗ ಸಾಧುವಾದ ಮರ. ಪೂರ್ತಿ ಒಣಗಿದರೂ ಉಂಗುರದ ಗುಂಟ ಸುಮಾರು ಶೇ. 5.8, ಅಡ್ಡಕ್ಕೆ ಶೇ. 2.5 ಮಾತ್ರ ಕುಗ್ಗುತ್ತದೆ. ಆದರೂ ಲೆಕ್ಕ ಹಾಕಿ ನೋಡಿ. ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಮರದ ತೇವಾಂಶ ಶೇ. 16ರ ಸುತ್ತಮುತ್ತ ನಿಲ್ಲುತ್ತದೆ. ಹವಾನಿಯಂತ್ರಿತ ಕುವೈತಿನ ಮನೆಯಲ್ಲಿ ಶೇ. 6ರ ಆಸುಪಾಸಿಗೆ ಇಳಿಯುತ್ತದೆ. ಒಂದಡಿ ಅಗಲದ ಹಲಗೆ ಅಷ್ಟರಲ್ಲಿ ಅರ್ಧ ಸೆಂಟಿಮೀಟರಿಗೂ ಮಿಗಿಲಾಗಿ ಕಿರಿದಾಗುತ್ತದೆ. ಅದನ್ನು ಚೌಕಟ್ಟಿಗೆ ಅಂಟು ಹಾಕಿ ಬಿಗಿದಿದ್ದರೆ ಸೀಳದೆ ಇನ್ನೇನು ಮಾಡೀತು? ಗಂಗೊಳ್ಳಿಯ ಹಿರಿಯರು ಹೇಳಿದ್ದು ಇದನ್ನೇ. ಮರ ಒಣಗಿತ್ತು, ಆದರೆ ಊರಿನ ಗಾಳಿಗೆ ಒಣಗಿತ್ತು.

ಹಡಗಿನವರ ಲೆಕ್ಕ ಬೇರೆ. ನೀರಿನಲ್ಲಿರುವ ಹಲಗೆ ಉಬ್ಬುತ್ತದೆ. ಸಂದಿಯಲ್ಲಿ ತುರುಕಿದ ಎಣ್ಣೆಹತ್ತಿಯನ್ನು ಆ ಉಬ್ಬೇ ಬಿಗಿಹಿಡಿಯುತ್ತದೆ. ಬಾಗಿಲಿಗೆ ಬೇಕಾದ ಒಣಗು ಹಡಗಿಗೆ ಬೇಡ. ಆದುದರಿಂದ ಮರ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದೇ ಅದನ್ನು ಒಣಗಿಸಬೇಕು. ನಮ್ಮ ದಡದ ಅಟ್ಟಿಗಳಿಗೂ ಇಲ್ಲಿಯ ಹಡಗುಕಟ್ಟೆಗಳಿಗೂ ನಡುವೆ ಇಂಥದೊಂದು ತಿಳಿವಳಿಕೆ ಇಲ್ಲದೆ ಆ ವ್ಯಾಪಾರ ಶತಮಾನಗಳ ಕಾಲ ನಡೆಯಲಾರದು.

1946ರಲ್ಲಿ ಕುವೈತಿನ ಎಣ್ಣೆ ಮೊದಲ ಬಾರಿ ರಫ್ತಾಯಿತು; ಹಾಯಿ ಹಡಗುಗಳ ಕಾಲ ಬಹುಬೇಗ ಮುಗಿಯಿತು. 1937ರ ಅಲ್-ಮುಹಲ್ಲಬ್ ಎಂಬ ಬೂಮ್ ಹಡಗು ವಸ್ತುಸಂಗ್ರಹಾಲಯದ ಮುಂದೆ ನಿಂತಿದ್ದು 1990–91ರ ಆಕ್ರಮಣದ ಕಾಲದಲ್ಲಿ ಬೆಂಕಿಗೆ ಆಹುತಿಯಾಯಿತು. 1938ರ ಫತೇಹ್ ಅಲ್-ಖೈರ್ ಉಳಿದಿದೆ. ಸಾಲ್ಮಿಯಾದ ವಿಜ್ಞಾನ ಕೇಂದ್ರದಲ್ಲಿ ತಾವು ನೋಡಿರಬಹುದು. ಇನ್ನು ಊರಿನಲ್ಲಿ, 1996ರ ಡಿಸೆಂಬರ್ 12ರ ಗೋದಾವರ್ಮನ್ ಪ್ರಕರಣದ ಆದೇಶ ಮತ್ತು ಅದರ ಮುಂದಿನ ಆದೇಶಗಳ ಮೂಲಕ ಸರ್ವೋಚ್ಚ ನ್ಯಾಯಾಲಯವು ಕಾಡಿನ ಕೊಯ್ತಕ್ಕೂ ಗರಗಸದ ಗಿರಣಿಗಳಿಗೂ ಕಡಿವಾಣ ಹಾಕಿತು. ಅದು ಅಗತ್ಯವಾಗಿತ್ತು ಎಂದೇ ನಮ್ಮ ಅಭಿಪ್ರಾಯ. ಊರಿನ ತೋಟಕ್ಕೆ ಇಂಥ ಗಿರಣಿ ಒಯ್ಯುವ ಆಸೆ ಯಾರಿಗಾದರೂ ಇದ್ದರೆ, ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಅದು ಸಾಧ್ಯವಿಲ್ಲ ಎಂಬುದನ್ನು ಮೊದಲು ತಿಳಿದಿರಲಿ.

ವೈದ್ಯರಾಗಿ ಒಂದು ಮಾತು ಹೇಳದೆ ಮುಗಿಸಲಾರೆವು. 1960ರ ದಶಕದಲ್ಲಿ ಇಂಗ್ಲೆಂಡಿನ ಹೈ ವಿಕಂಬ್ ಪ್ರದೇಶದಲ್ಲಿ ಪೀಠೋಪಕರಣ ಮಾಡುವವರಲ್ಲಿ ಮೂಗಿನೊಳಗಿನ ಅಪರೂಪದ ಕ್ಯಾನ್ಸರ್ ಹೆಚ್ಚಿರುವುದನ್ನು ಅಲ್ಲಿಯ ವೈದ್ಯರು ಗುರುತಿಸಿದರು. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಲ್ಲಿ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಮರಗೆಲಸದ ಕಾರ್ಖಾನೆಗಳಲ್ಲಿ ನಮ್ಮ ಕಡೆಯ ಹುಡುಗರಿದ್ದಾರೆ. ಧೂಳಿನ ಕೆಲಸಕ್ಕೆ ತಕ್ಕ ಮುಖಗವಸು ಧರಿಸುವುದು, ಕಿವಿಗೆ ರಕ್ಷೆ ಹಾಕುವುದು, ಗರಗಸ ಪೂರ್ತಿ ನಿಲ್ಲುವ ತನಕ ಕೈ ಚಾಚದಿರುವುದು: ಇಷ್ಟನ್ನು ತಮ್ಮ ಪರಿಚಿತರಿಗೆ ತಾವು ಹೇಳಿದರೆ ಈ ಉಪನ್ಯಾಸ ಸಾರ್ಥಕ. ಒಂದು ಬದಿಯ ಮೂಗು ಮಾತ್ರ ಬಹುಕಾಲ ಕಟ್ಟಿದ್ದರೆ, ರಕ್ತ ಬರುತ್ತಿದ್ದರೆ ನೆಗಡಿಯೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಲಿ.

ನಮ್ಮ ಮಂಟಪವನ್ನು ಆ ಹಿರಿಯರೇ ಸರಿಪಡಿಸಿಕೊಟ್ಟರು. ಬಿರಿದ ಹಲಗೆಯನ್ನು ತೆಗೆದರು. ಶುವೈಖಿನಲ್ಲಿ ಎರಡು ವರ್ಷ ಅಟ್ಟಿಯಲ್ಲಿದ್ದ ಹಲಗೆಯನ್ನು ಆರಿಸಿ ತಂದು, ಚೌಕಟ್ಟಿನ ತೋಡಿನಲ್ಲಿ ಅಂಟು ಹಾಕದೆ ಸಡಿಲವಾಗಿ ಕೂರಿಸಿದರು. ಕೂಲಿ ಕೇಳಲಿಲ್ಲ. ಬೆರಳು ಹೋದ ಬಗೆ ಕೇಳಿದ್ದಕ್ಕೆ, ಅವಸರ ಮಾಡಿದ ದಿನ ಎಂದಷ್ಟೇ ಹೇಳಿದರು. ಅವರೀಗ ಊರಿಗೆ ಮರಳಿದ್ದಾರೆ. ಆಮೇಲೆ ಬೇಸಗೆಗಳು ಕಳೆದಿವೆ; ಹಲಗೆ ಸದ್ದು ಮಾಡಿಲ್ಲ.