ಮೀನಿನ ವಾಸನೆ ಬಲ್ಲ ಮರಿಗಳು, ಅರಿಯದ ಮರಿಗಳು

ಸಾಲಮಾಂಡರ್ ನೋಡಲು ಹಲ್ಲಿಯಂತೆ, ಆದರೆ ಕುಲದಲ್ಲಿ ಕಪ್ಪೆಯ ನೆಂಟ. ಅನೇಕ ಪ್ರಭೇದಗಳಲ್ಲಿ ಅದರ ಮರಿ ನೀರಲ್ಲೇ ಬೆಳೆಯುತ್ತದೆ. ಕತ್ತಿನ ಎರಡೂ ಬದಿ ಗರಿಯಂಥ ಕಿವಿರುಗಳು ಹೊರಗೆ ಚಾಚಿಕೊಂಡಿರುತ್ತವೆ. ಮೈಗೆ ಕವಚವಿಲ್ಲ, ಮುಳ್ಳಿಲ್ಲ. ಹಸಿದ ಮೀನಿಗೆ ಒಂದೇ ತುತ್ತು. ಮೀನಿರುವ ಹಳ್ಳದಲ್ಲಿ ಇಂಥ ಜೀವ ಬದುಕುವುದಾದರೂ ಹೇಗೆ?

ಈ ಪ್ರಶ್ನೆಗೆ ದಾರಿ ತೋರಿಸಿದ್ದು ಒಂದು ಪುಟ್ಟ ಮೀನು. ಜೇನುನೊಣಗಳ ಕುಣಿತವನ್ನು ಅರ್ಥೈಸಿದ ಕಾರ್ಲ್ ಫಾನ್ ಫ್ರಿಶ್, ಗಾಯಗೊಂಡ ಮಿನ್ನೋ ಮೀನಿನ ಚರ್ಮದಿಂದ ನೀರಿಗೆ ಸೇರುವ ವಸ್ತು ಉಳಿದ ಮಿನ್ನೋಗಳನ್ನು ಬೆದರಿಸುತ್ತದೆಂದು 1938ರಲ್ಲಿ ವರದಿ ಮಾಡಿದರು. ನೀರು ಸುದ್ದಿ ಹೊರುತ್ತದೆ ಎಂಬುದು ಅಲ್ಲಿಂದ ಖಚಿತವಾಯಿತು.

ಸಾಲಮಾಂಡರ್ ಮರಿಗಳ ಸರದಿ ಬಂದದ್ದು 1980ರ ದಶಕದಲ್ಲಿ, ಅಮೆರಿಕದ ಕೆಂಟಕಿಯಲ್ಲಿ. ಹಳ್ಳಗಳಲ್ಲಿ ಮರಿಗಳು ಎಲ್ಲಿರುತ್ತವೆ, ಎಲ್ಲಿರುವುದಿಲ್ಲ ಎಂಬುದನ್ನು ಮೀನುಗಳೂ ನಿರ್ಧರಿಸುತ್ತವೆ ಎಂದು ಸಂಶೋಧಕ ಜೇಮ್ಸ್ ಪೆಟ್ರಾಂಕಾ 1983ರಲ್ಲಿ ಬರೆದರು. 1987ರಲ್ಲಿ ಅವರು ಲೀ ಕ್ಯಾಟ್ಸ್, ಆಂಡ್ರ್ಯೂ ಸಿಹ್ ಜೊತೆಗೂಡಿ ಪ್ರಕಟಿಸಿದ ಪ್ರಯೋಗ ಬಲು ಸರಳ. ಗ್ರೀನ್ ಸನ್‌ಫಿಶ್ ಎಂಬ ಬೇಟೆಗಾರ ಮೀನಿನ ವಾಸನೆಯುಳ್ಳ ನೀರನ್ನು ಮರಿಗಳಿಗೆ ಸೋಕಿಸಿದರು. ಮೀನು ಕಣ್ಣಿಗೆ ಬೀಳದಿದ್ದರೂ ಮರಿಗಳು ಮರೆಯಲ್ಲಿ ಅಡಗುವುದು ಹೆಚ್ಚಾಯಿತು. ಮರುವರ್ಷ ಅದೇ ಮೂವರು ಹಲವು ಉಭಯವಾಸಿಗಳ ಮರಿಗಳನ್ನು ಹೋಲಿಸಿದಾಗ ಇನ್ನೂ ದೊಡ್ಡ ಚಿತ್ರ ಕಂಡಿತು. ಮೀನಿನ ಜೊತೆ ಬಾಳುವವುಗಳಲ್ಲಿ ಹೆಚ್ಚಿನವು ಒಂದೋ ಮೀನಿಗೆ ರುಚಿಸುವುದಿಲ್ಲ, ಇಲ್ಲವೇ ವಾಸನೆ ಹಿಡಿದು ಅಡಗುತ್ತವೆ. ಬೇಸಿಗೆಗೆ ಬತ್ತುವ, ಮೀನಿಲ್ಲದ ಹೊಂಡಗಳ ಮರಿಗಳಿಗೆ ಸಾಮಾನ್ಯವಾಗಿ ಈ ಎರಡೂ ರಕ್ಷಣೆ ಇಲ್ಲ.

ಅಡಗಿದರೆ ಜೀವ ಉಳಿಯುತ್ತದೆ, ಹೊಟ್ಟೆ ತುಂಬುವುದಿಲ್ಲ. ಸ್ಟ್ರೀಮ್‌ಸೈಡ್ ಸಾಲಮಾಂಡರ್ ಎಂಬ ಪ್ರಭೇದದ ಪಾಡು ಇದೇ. ಅದು ಮೊಟ್ಟೆಯಿಡುವ ಹಳ್ಳಗಳಲ್ಲಿ ಅನೇಕವು ಬೇಸಿಗೆಗೆ ಒಣಗುತ್ತವೆ. ಅಷ್ಟರೊಳಗೆ ಮರಿ ತಿಂದು ಬೆಳೆದು ದಡ ಸೇರಬೇಕು, ಅಂದರೆ ಚುರುಕಾಗಿ ಓಡಾಡಲೇಬೇಕು. ಅದೇ ಚುರುಕು ಮೀನಿರುವ ಮಡುವಿನಲ್ಲಿ ಮೃತ್ಯು. ಆಂಡ್ರ್ಯೂ ಸ್ಟಾರ್ಫರ್ ಮತ್ತು ಸಿಹ್ ಮೀನಿರುವಲ್ಲೂ ಮರಿಗಳು ಚುರುಕು ಬಿಡದಿರುವುದಕ್ಕೆ 1998ರಲ್ಲಿ ಒಂದು ಕಾರಣ ಮುಂದಿಟ್ಟರು. ಮೀನಿಲ್ಲದ ಹಳ್ಳಗಳಿಂದ ಬಂದ ಸಾಲಮಾಂಡರ್‌ಗಳು ಮೀನಿರುವ ಹಳ್ಳದವುಗಳ ಜೊತೆ ಕೂಡಿದಾಗ ನಿರ್ಭಯದ ವಂಶವಾಹಿಗಳೂ ಬೆರೆಯುತ್ತವೆ. ಹಾಗೆ ಬೆರೆಯದೆ ಒಂಟಿಯಾಗಿ ಉಳಿದ ಮೀನಿನ ಹಳ್ಳಗಳ ಮರಿಗಳಲ್ಲಿ ಎಚ್ಚರ ಹೆಚ್ಚು. ಅಳುಕು ಕೂಡ ತಲೆಮಾರುಗಳಲ್ಲಿ ಕೂಡಿಟ್ಟ ಗಂಟು, ಅದು ಕರಗಲೂಬಹುದು ಎಂದು ತೋರಿಸಿದ ಈ ಅಧ್ಯಯನವೇ ನನಗೆ ಇಡೀ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಎನಿಸುತ್ತದೆ.

2008ರಲ್ಲಿ ಅಲಿಶಿಯಾ ಮ್ಯಾಥಿಸ್ ತಂಡ ಇನ್ನೂ ಹಿಂದಕ್ಕೆ, ಮೊಟ್ಟೆಯೊಳಕ್ಕೇ ಹೋಯಿತು. ಮೊಟ್ಟೆಯಲ್ಲಿದ್ದಾಗಲೇ ಬೇಟೆಗಾರ ಪ್ರಾಣಿಯ ವಾಸನೆ ಸೋಕಿದ ರಿಂಗ್ಡ್ ಸಾಲಮಾಂಡರ್‌ಗಳು ಹೊರಬಂದ ಮೇಲೆ ಕಡಿಮೆ ಓಡಾಡಿದವು, ಹೆಚ್ಚು ಅಡಗಿದವು.

ಈ ಜ್ಞಾನ ಕೆಲಸಕ್ಕೆ ಬರಬಹುದಾದದ್ದು ಹೆಲ್‌ಬೆಂಡರ್ ಎಂಬ ದೈತ್ಯ ಸಾಲಮಾಂಡರ್‌ನ ರಕ್ಷಣೆಗೆ. ಅಮೆರಿಕದ ಮಿಸೌರಿಯ ನದಿಗಳಿಗೆ ಗಾಳದವರ ಖುಷಿಗಾಗಿ ಹೊರಗಿನ ಟ್ರೌಟ್ ಮೀನುಗಳನ್ನು ತಂದು ಬಿಟ್ಟರು. ಸ್ಥಳೀಯ ಮೀನುಗಳ ವಾಸನೆಗೆ ಬೆದರುವ ಹೆಲ್‌ಬೆಂಡರ್ ಮರಿ, ಟ್ರೌಟ್ ವಾಸನೆಗೆ ಅಷ್ಟಾಗಿ ಬೆದರಲಿಲ್ಲವೆಂದು ಬ್ರಯನ್ ಗಾಲ್ ಮತ್ತು ಮ್ಯಾಥಿಸ್ 2010ರಲ್ಲಿ ವರದಿ ಮಾಡಿದರು. ಸಾಕಿ ಬೆಳೆಸಿದ ಹೆಲ್‌ಬೆಂಡರ್‌ಗಳನ್ನು ನದಿಗೆ ಬಿಡುವ ಮುನ್ನ ಟ್ರೌಟ್ ವಾಸನೆಯ ಪಾಠ ಹೇಳಿಕೊಡಬಹುದೆಂದು ಮರುವರ್ಷವೇ ಇನ್ನೊಂದು ಅಧ್ಯಯನ ತೋರಿಸಿತು.

ಭಾರತದಲ್ಲಿ ಸಾಲಮಾಂಡರ್ ಇರುವುದು ಪೂರ್ವ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಮಾತ್ರ, ಕರ್ನಾಟಕದಲ್ಲಿ ಇಲ್ಲ. ಆದರೆ ಮಳೆಗಾಲದ ಹೊಂಡಗಳು ನಮ್ಮ ಕಪ್ಪೆಗಳ ತೊಟ್ಟಿಲು, ಮತ್ತು ಸೊಳ್ಳೆಮರಿ ತಿನ್ನಲೆಂದು ನಾವು ಬಿಡುವ ಹೊರನಾಡಿನ ಗಾಂಬೂಸಿಯಾ ಮೀನು ಗೊದಮೊಟ್ಟೆಗಳನ್ನೂ ಬಿಡುವುದಿಲ್ಲ. ನಿಮ್ಮೂರಿನ ಹೊಂಡಕ್ಕೆ ಆ ಮೀನು ಸುರಿಯುವ ಮುನ್ನ ಒಮ್ಮೆ ಬಗ್ಗಿ ನೀರೊಳಗೆ ನೋಡಿ.