ಕ್ರೈಸ್ತ ಮತನಿಷ್ಠೆಯಿಂದ ಲೌಕಿಕ ದೃಷ್ಟಿಗೆ: ಕರ್ನಾಟಕದ ಹಿನ್ನೆಲೆ

ಬೈಬಲ್ಲಿನ ಪ್ರತಿ ಮಾತೂ ದೋಷರಹಿತ, ರಕ್ಷಣೆಗೆ ತಮ್ಮ ಸಭೆಯದೊಂದೇ ದಾರಿ ಎಂದು ನಂಬುವ ಕಟ್ಟುನಿಟ್ಟಿನ ಕ್ರೈಸ್ತ ಪಂಗಡಗಳಿಂದ ಹೊರಬಂದು, ಬೇರಾವ ಮತವನ್ನೂ ಸೇರದೆ, ಬುದ್ಧಿ ಮತ್ತು ಅನುಭವಗಳನ್ನೇ ಆಧಾರವಾಗಿಟ್ಟುಕೊಂಡು ಬದುಕುವ ನಿಲುವನ್ನು ಕುರಿತ ಲೇಖನವಿದು. ಮತಾಂತರದ ಚರ್ಚೆ ಇದರ ವ್ಯಾಪ್ತಿಗೆ ಬರುವುದಿಲ್ಲ. ಕರ್ನಾಟಕದಲ್ಲಿ ಈ ನಿರ್ಗಮನ ಚಳವಳಿಯಾಗಿ ಬೆಳೆದಿಲ್ಲ, ಬಿಡಿ ವ್ಯಕ್ತಿಗಳ ನಿರ್ಧಾರವಾಗಿಯೇ ಉಳಿದಿದೆ. ಒಂದು ಮತದಿಂದ ಇನ್ನೊಂದಕ್ಕೆ ಹೋದವರನ್ನು ಸಭೆಯೂ ಸರ್ಕಾರವೂ ದಾಖಲಿಸುತ್ತವೆ. ಎಲ್ಲಿಗೂ ಹೋಗದೆ ಹೊರಬಂದವರು ಎರಡೂ ಕಡೆಯ ದಾಖಲೆಗಳಲ್ಲಿ ಅಪರೂಪ.

ಗದಗ-ಬೆಟಗೇರಿ ಮತ್ತು ಬಾಸೆಲ್ ಮಿಷನ್

ಗದಗ ಸೀಮೆಯ ಪ್ರಾಟೆಸ್ಟೆಂಟ್ ಇತಿಹಾಸ ಬಾಸೆಲ್ ಮಿಷನ್ನಿನಿಂದ ತೊಡಗುತ್ತದೆ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಈ ಸಂಸ್ಥೆ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನೇಕಾರರ ಊರಾದ ಬೆಟಗೇರಿಗೆ ಬಂತು. ಬಂದ ಮಿಷನರಿಗಳಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಪಯಟಿಸ್ಟ್ ಮನೆತನಗಳವರು. ವೈಯಕ್ತಿಕ ಪಶ್ಚಾತ್ತಾಪ, ದಿನನಿತ್ಯದ ಬೈಬಲ್ ಓದು, ನಡತೆಯ ಮೇಲೆ ಸದಾ ನಿಗಾ, ಇವು ಆ ಪಂಥದ ಲಕ್ಷಣಗಳು. ಇವರನ್ನು ಮೂಲಭೂತವಾದಿಗಳೆಂದು ಕರೆಯುವಾಗ ಎಚ್ಚರ ಬೇಕು. ಆ ಹೆಸರಿನ ಪ್ರವಾಹ 1910-15ರ ನಡುವೆ ಅಮೆರಿಕದಲ್ಲಿ ಹೊರಬಂದ ಕಿರುಹೊತ್ತಗೆಗಳಿಂದ ರೂಪುಗೊಂಡದ್ದು.

ದೀಕ್ಷಾಸ್ನಾನ ಪಡೆದವರು ಜಾತಿಯನ್ನು ಪೂರ್ತಿ ಬಿಡಬೇಕೆಂದು ಮಿಷನ್ ಪಟ್ಟು ಹಿಡಿಯಿತು. ಹಾಗೆ ಬಿಟ್ಟುಬಂದವರಿಗೆ ಊರಿನಲ್ಲಿ ಕೂಲಿಯೂ ನೆರೆಹೊರೆಯೂ ತಪ್ಪುತ್ತಿದ್ದುದರಿಂದ ಅವರ ಅನ್ನದ ಹೊಣೆಯೂ ಮಿಷನ್ನಿನ ಮೇಲೆ ಬಿತ್ತು. ಮಂಗಳೂರಿನಲ್ಲಿ 1851ರ ನೇಯ್ಗೆ ಕಾರ್ಖಾನೆ ಮತ್ತು 1865ರ ಜೆಪ್ಪು ಹೆಂಚಿನ ಕಾರ್ಖಾನೆ ಹುಟ್ಟಿದ ಹಿನ್ನೆಲೆಯಲ್ಲಿ ಈ ಅಗತ್ಯವೂ ಇತ್ತು. ಇಂಥ ವ್ಯವಸ್ಥೆಯಲ್ಲಿ ಮನೆ, ಕೆಲಸ, ಮಕ್ಕಳ ಶಾಲೆ, ಸತ್ತಾಗ ಮಣ್ಣು ಎಲ್ಲವೂ ಸಭೆಯ ಮೂಲಕವೇ ಸಿಗುತ್ತಿದ್ದವು. ತಪ್ಪಿ ನಡೆದವರನ್ನು ಸಭೆಯ ಹಿರಿಯರು ಮೊದಲು ಕರ್ತನ ರಾತ್ರಿಭೋಜನದಿಂದ ದೂರವಿಡುತ್ತಿದ್ದರು, ತಿದ್ದಿಕೊಳ್ಳದಿದ್ದರೆ ಸಭೆಯಿಂದಲೇ ಹೊರಗಿಡುತ್ತಿದ್ದರು. ನಂಬಿಕೆ ಕಳೆದುಕೊಂಡವನು ಬಾಯಿ ಮುಚ್ಚಿಕೊಂಡು ಭಾನುವಾರದ ಆರಾಧನೆಗೆ ಹೋಗುತ್ತಿರಲು ಇಷ್ಟು ಕಾರಣ ಸಾಕು. ಸಭೆಯ ಮಾತಿನಲ್ಲಿ ಅಂಥವನು ‘ಹಿಂಜಾರಿದವನು’. ಎಂದಾದರೂ ಮರಳಿ ಬರಬೇಕಾದವನೆಂದೇ ಲೆಕ್ಕ.

ಸಂಶಯ ಮಿಷನರಿಗಳಿಗೂ ಅಪರಿಚಿತವಲ್ಲ. ಮುಂದೆ ಮಿಷನರಿಯಾದ ಹರ್ಮನ್ ಗುಂಡರ್ಟ್ ಮೌಲ್‌ಬ್ರಾನ್ ಸೆಮಿನರಿಯಲ್ಲಿ ಓದುವಾಗ ಡೇವಿಡ್ ಫ್ರೀಡ್ರಿಶ್ ಸ್ಟ್ರಾಸ್ ಅವನ ಅಧ್ಯಾಪಕನಾಗಿದ್ದ. ಸುವಾರ್ತೆಗಳ ಪವಾಡಗಳು ಪುರಾಣಕಲ್ಪನೆಗಳೆಂದು ವಾದಿಸಿ 1835ರಲ್ಲಿ ಯುರೋಪನ್ನು ಕಲಕಿದ ‘ಯೇಸುವಿನ ಜೀವನ’ದ ಕರ್ತೃ ಇವನೇ. ಟ್ಯೂಬಿಂಗನ್ನಿನಲ್ಲಿ ಗುಂಡರ್ಟ್ ಕೆಲಕಾಲ ಹೆಗೆಲನ ತತ್ತ್ವದ ಕಡೆ ವಾಲಿ, ಆಮೇಲೆ ಪಯಟಿಸ್ಟ್ ಶ್ರದ್ಧೆಗೆ ಮರಳಿ 1836ರಲ್ಲಿ ಭಾರತಕ್ಕೆ ಹಡಗು ಹತ್ತಿದ. ಅವನ ಮೊಮ್ಮಗ, ಕಾದಂಬರಿಕಾರ ಹರ್ಮನ್ ಹೆಸ್ಸೆ, 1892ರಲ್ಲಿ ಅದೇ ಮೌಲ್‌ಬ್ರಾನ್ ಸೆಮಿನರಿಯಿಂದ ಓಡಿಹೋದ. ಪಯಟಿಸ್ಟ್ ಮನೆತನವೊಂದರ ಬಿಗಿ ಎರಡೇ ತಲೆಮಾರಿನಲ್ಲಿ ಸಡಿಲಿದ್ದಕ್ಕೆ ಇದು ನಿದರ್ಶನ. ಆದರೆ ಹೆಸ್ಸೆಯನ್ನು ಲೌಕಿಕವಾದಿ ಎನ್ನಲಾಗದು, ಅವನ ಹುಡುಕಾಟ ಕೊನೆಯವರೆಗೂ ಆಧ್ಯಾತ್ಮಿಕವೇ.

ಕನ್ನಡದಲ್ಲಿ ಬಿಗಿ ಸಡಿಲಿಸಿದವರಲ್ಲಿ ಮುಖ್ಯರು ಬಾಸೆಲ್ ಮಿಷನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪ (1881-1962). ಪುರೋಹಿತಶಾಹಿಯನ್ನು ಕುಟುಕಿದ ಸರ್ವಜ್ಞನ ವಚನಗಳನ್ನು ಊರೂರಿನಿಂದ ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಅವರು ಬಿಟ್ಟದ್ದು ಸಂಕುಚಿತತೆಯನ್ನು, ಕ್ರಿಸ್ತನನ್ನಲ್ಲ. ಆದ್ದರಿಂದ ಈ ಲೇಖನದ ವಿಷಯಕ್ಕೆ ಅವರು ಹೊಸ್ತಿಲಿನ ಉದಾಹರಣೆ.

ಪಾದ್ರಿಯ ಮಗ ಕೋವೂರ್

ಪೂರ್ತಿ ಹೊರಬಂದವರಲ್ಲಿ ದಕ್ಷಿಣ ಭಾರತದ ಅತ್ಯಂತ ಪ್ರಸಿದ್ಧ ಹೆಸರು ಅಬ್ರಹಾಂ ಕೋವೂರ್ (1898-1978). ತಿರುವಲ್ಲಾದ ಮಾರ್ ತೋಮಾ ಸಭೆಯ ಹಿರಿಯ ಪಾದ್ರಿಯ ಮಗ. ಕಲ್ಕತ್ತೆಯಲ್ಲಿ ಸಸ್ಯಶಾಸ್ತ್ರ ಓದಿ, ಸಿಲೋನಿಗೆ ಹೋಗಿ ಜಾಫ್ನಾ ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಪಾದ್ರಿಯ ಮಗನಾದ್ದರಿಂದ ಬೈಬಲ್ ಪಾಠವೂ ಅವರ ಪಾಲಿಗೆ ಬಂತು. ಪರೀಕ್ಷೆಯಲ್ಲಿ ಹುಡುಗರು ಒಳ್ಳೆಯ ಅಂಕ ತೆಗೆದರೂ ಮರುವರ್ಷ ಆ ಪಾಠ ಕೈತಪ್ಪಿತು. ಹುಡುಗರೆಲ್ಲ ಪಾಸಾದರು ನಿಜ, ಆದರೆ ನಂಬಿಕೆ ಕಳೆದುಕೊಂಡರು ಎಂಬುದು ಪ್ರಿನ್ಸಿಪಾಲರು ಕೊಟ್ಟ ಕಾರಣವೆಂದು ಪ್ರಸಿದ್ಧಿ. 1963ರಲ್ಲಿ ಪವಾಡ ಮಾಡಿ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಎಂದು ಅವರು ಸವಾಲು ಹಾಕಿದರು. ಮರಣಾನಂತರ ಕಣ್ಣುಗಳು ನೇತ್ರನಿಧಿಗೆ, ದೇಹ ವೈದ್ಯಕೀಯ ಕಾಲೇಜಿಗೆ ಸೇರಬೇಕೆಂದು ಬರೆದಿಟ್ಟರು. ಅಂತ್ಯಕ್ರಿಯೆಯನ್ನು ಸಭೆಯ ಕೈಯಿಂದ ಬಿಡಿಸಿಕೊಳ್ಳುವುದು ಇಂಥ ನಿರ್ಗಮನದ ಕೊನೆಯ ಮತ್ತು ಕಠಿಣ ಹಂತವಾದ್ದರಿಂದ ಈ ಉಯಿಲಿಗೆ ಮಹತ್ವವಿದೆ.

ಕರ್ನಾಟಕದ ವಿಚಾರವಾದಿ ಚಟುವಟಿಕೆಗೆ 1976 ಮುಖ್ಯ ವರ್ಷ. ಕುಲಪತಿ ಎಚ್. ನರಸಿಂಹಯ್ಯನವರ ಅಧ್ಯಕ್ಷತೆಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಪವಾಡ ತನಿಖಾ ಸಮಿತಿ ರಚನೆಯಾಯಿತು. ಮಂಗಳೂರಿನಲ್ಲಿ ನರೇಂದ್ರ ನಾಯಕರ ದಕ್ಷಿಣ ಕನ್ನಡ ವಿಚಾರವಾದಿ ಸಂಘವೂ ಅದೇ ವರ್ಷದ್ದು. ಇವುಗಳ ಗುರಿ ಹೆಚ್ಚಾಗಿ ದೇವಮಾನವರ ಪವಾಡಗಳು. ಕ್ರೈಸ್ತ ಮನೆಗಳಿಂದ ಹೊರಬಂದವರ ಸಮಸ್ಯೆ ಬದಿಗೇ ಉಳಿಯಿತೆನ್ನಬಹುದು.

ಕಾನೂನಿನ ಸ್ಥಾನಮಾನ

1850ರ ಜಾತಿ ಅನರ್ಹತಾ ನಿವಾರಣಾ ಕಾಯ್ದೆ ಕ್ರೈಸ್ತರಾದವರ ಆಸ್ತಿಹಕ್ಕನ್ನು ಕಾಯಲು ಬಂದದ್ದೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಯಾವುದೇ ಧರ್ಮವನ್ನು ತ್ಯಜಿಸಿದವರಿಗೂ ಅದರಿಂದ ಬಹಿಷ್ಕೃತರಾದವರಿಗೂ ಅದು ಅನ್ವಯಿಸುತ್ತಿತ್ತು, ಹೊಸ ಧರ್ಮ ಸೇರಿರಬೇಕೆಂಬ ಷರತ್ತು ಅದರಲ್ಲಿರಲಿಲ್ಲ. ಚರ್ಚು ಬಿಟ್ಟವನಿಗೂ ಆ ರಕ್ಷಣೆ ಒದಗುತ್ತಿತ್ತು. 1872ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು ತಾವು ಕ್ರೈಸ್ತ, ಹಿಂದೂ, ಮುಸ್ಲಿಂ ಮೊದಲಾದ ಯಾವ ಧರ್ಮಕ್ಕೂ ಸೇರಿಲ್ಲವೆಂದು ಘೋಷಿಸಬೇಕಿತ್ತು. ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗಿಗೆ ಇದು ಅನ್ವಯಿಸುತ್ತಿತ್ತು. ಆದರೆ ಸಮೀಪದಲ್ಲೇ ಇದ್ದ, ಸಾಂಗ್ಲಿ ಸಂಸ್ಥಾನದ ಶಿರಹಟ್ಟಿಗೂ ಮೀರಜ್ ಸಂಸ್ಥಾನದ ಲಕ್ಷ್ಮೇಶ್ವರಕ್ಕೂ ಬ್ರಿಟಿಷ್ ಇಂಡಿಯಾದ ಕಾಯ್ದೆ ತಾನಾಗಿ ಅನ್ವಯಿಸುತ್ತಿರಲಿಲ್ಲ. 1954ರ ಕಾಯ್ದೆ ಈ ಘೋಷಣೆಯನ್ನು ಕೈಬಿಟ್ಟಿತು. ಮದುವೆ ಸುಲಭವಾಯಿತು, ಅದರೊಂದಿಗೆ ಧರ್ಮವಿಲ್ಲದವರನ್ನು ಗುರುತಿಸುತ್ತಿದ್ದ ದಾಖಲೆಯೂ ಹೋಯಿತು.

ಆಮೇಲಿನ ಕಾನೂನು ಹೆಚ್ಚಾಗಿ ಗಮನಿಸುವುದು ಮತ ಬದಲಿಸಿದವರನ್ನು. 2001ರಲ್ಲಿ ತಿದ್ದುಪಡಿಯಾದ ಕ್ರೈಸ್ತ ವಿಚ್ಛೇದನ ಕಾಯ್ದೆಯಲ್ಲಿ ಸಂಗಾತಿ ಬೇರೆ ಧರ್ಮಕ್ಕೆ ಸೇರಿದರೆ ಅದು ವಿಚ್ಛೇದನಕ್ಕೆ ಕಾರಣ, ಬರಿಯ ಅವಿಶ್ವಾಸ ಕಾರಣವಲ್ಲ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯ ಪ್ರಕಾರವೂ ಸ್ವಧರ್ಮ ಬಿಟ್ಟು ಇನ್ನೊಂದನ್ನು ಸ್ವೀಕರಿಸಿದರಷ್ಟೇ ಮತಾಂತರ. ಇದನ್ನು ರದ್ದುಮಾಡಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು.

ಮೀಸಲಾತಿಯ ತೊಡಕು ಇನ್ನೂ ಗಂಭೀರ. 1950ರ ರಾಷ್ಟ್ರಪತಿಗಳ ಆದೇಶ ಮತ್ತು ಅದರ ತಿದ್ದುಪಡಿಗಳಂತೆ ಹಿಂದೂ, ಸಿಖ್, ಬೌದ್ಧ ಧರ್ಮಗಳನ್ನು ಬಿಟ್ಟು ಬೇರೆ ಧರ್ಮದವರು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ. ಕರ್ನಾಟಕ ಪರಿಶಿಷ್ಟ ಜಾತಿ ಮೂಲದ ಕ್ರೈಸ್ತರನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇರಿಸಿದೆ. ಸುಪ್ರೀಂ ಕೋರ್ಟು 2015ರಲ್ಲಿ ಕೆ.ಪಿ. ಮನು ಪ್ರಕರಣದಲ್ಲಿ, ಪೂರ್ವಿಕರ ಜಾತಿಗೆ ಪುರಾವೆ, ಮೂಲ ಧರ್ಮಕ್ಕೆ ಮರಳಿದ್ದು, ಸಮುದಾಯದ ಸ್ವೀಕಾರ ಎಂಬ ಮೂರು ಅಂಶಗಳು ಸಾಬೀತಾದರೆ ಪರಿಶಿಷ್ಟ ಜಾತಿಯ ಸ್ಥಾನ ಮರಳಿ ಸಿಗುತ್ತದೆ ಎಂದು ಹೇಳಿತು. ಹೀಗಾಗಿ ಸಭೆ ಬಿಟ್ಟ ದಲಿತ ಕುಟುಂಬ ಮನಸ್ಸಿನಲ್ಲಿ ನಿರೀಶ್ವರವಾದಿಯಾದರೂ ಕಾಗದದಲ್ಲಿ ಹಿಂದೂ ಎನಿಸಿಕೊಳ್ಳುವುದೇ ಲಾಭಕರ.

ಇದಕ್ಕೆ ಎದುರಾಗಿ ನಿಲ್ಲುವುದು ಬಾಂಬೆ ಹೈಕೋರ್ಟಿನ 2014ರ ಸೆಪ್ಟೆಂಬರಿನ ತೀರ್ಪು. ಫುಲ್ ಗಾಸ್ಪೆಲ್ ಚರ್ಚ್ ಆಫ್ ಗಾಡ್ ಎಂಬ ಸಂಸ್ಥೆಯ ಸದಸ್ಯರು ತಾವು ಕ್ರೈಸ್ತರಲ್ಲ, ಯಾವ ಧರ್ಮಕ್ಕೂ ಸೇರಿದವರಲ್ಲ ಎಂದು ಗೆಜೆಟ್‌ನಲ್ಲಿ ಪ್ರಕಟಿಸಲು ಕೋರಿ, ತಿರಸ್ಕೃತರಾಗಿ ನ್ಯಾಯಾಲಯಕ್ಕೆ ಹೋಗಿದ್ದರು. ಅವರಿಗೆ ಯೇಸುವಿನಲ್ಲಿ ನಂಬಿಕೆಯಿತ್ತು, ಒಲ್ಲೆವೆಂದದ್ದು ಧರ್ಮದ ಹಣೆಪಟ್ಟಿಯನ್ನು. ಧರ್ಮವಿಲ್ಲವೆನ್ನುವ ಹಕ್ಕು ಸಂವಿಧಾನದ 25ನೇ ವಿಧಿಯಲ್ಲೇ ಅಡಕವಾಗಿದೆ, ಅರ್ಜಿಗಳಲ್ಲಿ ಧರ್ಮ ನಮೂದಿಸಲು ಯಾರನ್ನೂ ಬಲವಂತಪಡಿಸಲಾಗದು ಎಂದು ನ್ಯಾಯಾಲಯ ಹೇಳಿತು. ಕರ್ನಾಟಕದ ನ್ಯಾಯಾಲಯಗಳನ್ನು ಇದು ಕಟ್ಟಿಹಾಕದಿದ್ದರೂ ಉಲ್ಲೇಖಕ್ಕೆ ಬರಬಲ್ಲದು.

ಮೌಲ್ಯಮಾಪನ

2011ರ ಜನಗಣತಿ ಕರ್ನಾಟಕದಲ್ಲಿ ಸುಮಾರು 11.4 ಲಕ್ಷ ಕ್ರೈಸ್ತರನ್ನು, ಇಡೀ ದೇಶದಲ್ಲಿ ಸುಮಾರು 33 ಸಾವಿರ ನಾಸ್ತಿಕರನ್ನು ಎಣಿಸಿತು. ಎರಡನೆಯ ಅಂಕಿಯನ್ನು ಅಕ್ಷರಶಃ ನಂಬಲಾಗದು. ಎಣಿಕೆದಾರರಿಗೆ ಉತ್ತರ ಕೊಡುವವರು ಸಾಮಾನ್ಯವಾಗಿ ಮನೆಯ ಯಜಮಾನರು, ನಂಬಿಕೆ ಬಿಟ್ಟ ಮಗನೋ ಮಗಳೋ ಅವರ ಬಾಯಲ್ಲಿ ಕ್ರೈಸ್ತರಾಗಿಯೇ ಉಳಿಯುತ್ತಾರೆ. ದೀಕ್ಷಾಸ್ನಾನದ ರಿಜಿಸ್ಟರು, ಜನಗಣತಿ ಮತ್ತು ಜಾತಿ ಪ್ರಮಾಣಪತ್ರಗಳಿಗಿಂತ ಆತ್ಮಕಥೆ, ನ್ಯಾಯಾಲಯದ ಕಡತ ಮತ್ತು ದೇಹದಾನದ ಉಯಿಲುಗಳೇ ಈ ವಿಷಯದ ಅಧ್ಯಯನಕ್ಕೆ ಹೆಚ್ಚು ಭರವಸೆಯ ಆಕರಗಳು.